ಆರಾಮಿಲ್ಲ ಅಂದರೆ ಏನು?

ಕಳೆದ ತಿಂಗಳು ನಮ್ಮ ಸೊಸೈಟಿಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಲಿಫ್ಟ್‌ಗೆ ಶ್ರದ್ಧಾಂಜಲಿ ನಡೆಯಿತು. ಬೆಳಗ್ಗೆ 8 ಗಂಟೆಗೆ ಉಡುಪಿ ಕಡೆಯವರೊಬ್ಬರು ‘ಎಂತ ಸಾವು ಮಾರ್ರೆ’ ಎಂದು ಬರೆದರು. ಅವರು ಮುಂದಿನ ಸಾಲು ಟೈಪ್ ಮಾಡುವಷ್ಟರಲ್ಲಿ ತುಮಕೂರಿನವರೊಬ್ಬರು ‘ಓಂ ಶಾಂತಿ’ ಎಂದು ಕೈಮುಗಿದಾಗಿತ್ತು. ಹಿಂದೆಯೇ ಇನ್ನೂ ನಾಲ್ಕು ಓಂ ಶಾಂತಿ. ಒಬ್ಬರು ‘ಯಾರು, ಯಾವಾಗ?’ ಎಂದೂ ಕೇಳಿದರು. ಆಮೇಲೆ ಬಂತು ಎರಡನೇ ಸಾಲು: ‘ಲಿಫ್ಟ್ ಪುನಃ ಹಾಳಾಗಿದೆ.’

ಕರಾವಳಿಯಲ್ಲಿ ‘ಸಾವು’ ಬೇಸರಕ್ಕೆ ಬರುವ ಮಾತು. ಬಸ್ಸು ತಪ್ಪಿದರೂ ಸಾವು, ಮಳೆ ಬಿಡದಿದ್ದರೂ ಸಾವು. ಎದುರಿಗೆ ನಿಂತು ಹೇಳಿದರೆ ಯಾರಿಗಾದರೂ ತಿಳಿಯುತ್ತದೆ. ಮೆಸೇಜಿನಲ್ಲಿ ಆ ರಾಗ ಕೇಳಿಸುವುದಿಲ್ಲ, ಅಷ್ಟೇ.

ಮೈಸೂರಿನಲ್ಲಿ ಬೆಳೆದ ನನಗೆ ಇಂಥ ಪಾಠಗಳೆಲ್ಲ ಪುಣೆಗೆ ಬಂದ ಮೇಲೆ ಸಿಕ್ಕವು. ಊರಿನಲ್ಲಿದ್ದಾಗ ಸುತ್ತ ನಮ್ಮ ಹಾಗೆ ಮಾತಾಡುವವರೇ ಇದ್ದರು. ಇಲ್ಲಿ ಮೂರನೇ ಮಹಡಿಯಲ್ಲಿ ವಿಜಯಪುರ, ಐದನೆಯದರಲ್ಲಿ ಕುಂದಾಪುರ, ಪಕ್ಕದ ಬಾಗಿಲಿಗೆ ಬೀದರ್. ಒಂದು ದಿನ ವಿಜಯಪುರದವರು ಇಂಗ್ಲಿಷ್ ಅಕ್ಷರದಲ್ಲಿ ‘ಪ್ಲಂಬರ್ ಬಂದಾನ’ ಎಂದು ಬರೆದರು. ನಾನು ‘ಬಂದನಾ?’ ಎಂದು ಓದಿಕೊಂಡು ‘ಗೊತ್ತಿಲ್ಲ, ನೋಡಿಲ್ಲ’ ಎಂದು ಉತ್ತರಿಸಿದೆ. ಅವರು ಕೇಳಿದ್ದಲ್ಲ, ಪ್ಲಂಬರ್ ಬಂದಿದ್ದಾನೆ ಎಂದು ತಿಳಿಸಿದ್ದು! ಇಂಗ್ಲಿಷ್ ಅಕ್ಷರದಲ್ಲಿ ಹಾಲೂ ಹಾಳೂ ಒಂದೇ, ಹಳ್ಳಿಯೂ ಹಲ್ಲಿಯೂ ಒಂದೇ. ಅದರ ಮೇಲೆ ಪ್ರದೇಶದ ಮಾತೂ ಸೇರಿಕೊಂಡರೆ ಕೇಳಬೇಡಿ.

ಊರಿನಿಂದ ಊರಿಗೆ ಮಾತು ಬದಲಾಗುವ ಹಾಗೆ ವಯಸ್ಸಿನಿಂದ ವಯಸ್ಸಿಗೂ ಬದಲಾಗುತ್ತದೆ. ಚಿಕ್ಕಪ್ಪನ ಹೊಸ ಮನೆಯ ಗೃಹಪ್ರವೇಶದ ಫೋಟೋ ಕುಟುಂಬದ ಗುಂಪಿಗೆ ಬಂದಾಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಕೆಳಗೆ ‘ಬೆಂಕಿ!’ ಎಂದು ಬರೆದ. ದೊಡ್ಡಮ್ಮ ತಕ್ಷಣ ಫೋನ್ ಮಾಡಿ ‘ಬಿಡ್ತು ಅನ್ನೋ, ಹೊಸ ಮನೆಗೆ ಅಂಥ ಮಾತಾಡಬಾರದು’ ಎಂದರು. ತುಂಬಾ ಚೆನ್ನಾಗಿದೆ ಎಂದರ್ಥ ಅಜ್ಜಿ ಎಂದು ಅವನು ವಿವರಿಸಿದರೆ, ‘ಹಾಗಾದ್ರೆ ಚೆನ್ನಾಗಿದೆ ಅಂತಲೇ ಬರಿ’ ಎಂದು ಫೋನಿಟ್ಟರು.

ನಾನು ನಕ್ಕೆ. ಆದರೆ ನನ್ನ ಕಾಲೇಜು ದಿನಗಳಲ್ಲಿ ನಾವು ‘ಚಿಂದಿ’ ಎನ್ನುತ್ತಿದ್ದೆವು, ಚಿಂದಿ ಅಂದರೆ ಹರಕು ಬಟ್ಟೆ ಕಣೋ ಎಂದು ಅಪ್ಪ ಬೈಯುತ್ತಿದ್ದರು. ಎಲ್ಲರೂ ಹೇಳುವ ‘ಸಖತ್’ ಕೂಡ ಉರ್ದುವಿನ ‘ಸಖ್ತ್’ನಿಂದ ಬಂದದ್ದು, ಅಲ್ಲಿ ಅದಕ್ಕೆ ಗಟ್ಟಿ, ಕಠಿಣ ಎಂಬ ಅರ್ಥ. ಮೊನ್ನೆ ಅಕ್ಕನ ಮಗನ ಫೋಟೋಗೆ ನಾನೂ ಉತ್ಸಾಹದಿಂದ ‘ಚಿಂದಿ ಗುರು’ ಎಂದು ಬರೆದೆ. ‘ಮಾಮ, ಚಿಂದಿ ಅಂತ ಈಗ ಯಾರೂ ಹೇಳಲ್ಲ’ ಎಂದ. ಊರು ಬಿಟ್ಟವರ ಕಥೆ ಇದು. ನಾವು ಬಸ್ಸು ಹತ್ತಿದ ದಿನ ಊರಿನ ಮಾತು ಎಲ್ಲಿತ್ತೋ ನಮ್ಮ ಬಾಯಲ್ಲಿ ಅದು ಅಲ್ಲೇ ನಿಂತಿರುತ್ತದೆ. ಊರು ಮುಂದೆ ಹೋಗಿರುತ್ತದೆ.

ಇವೆಲ್ಲ ನಕ್ಕು ಮರೆಯುವ ಸಂಗತಿಗಳು. ಒಂದನ್ನು ಮಾತ್ರ ನನಗೆ ಮರೆಯಲಾಗಿಲ್ಲ.

ಎರಡು ವರ್ಷದ ಹಿಂದೆ ನನ್ನ ಟೀಮಿನಲ್ಲಿ ಬಾಗಲಕೋಟೆ ಕಡೆಯ ಹುಡುಗನೊಬ್ಬ ಇದ್ದ. ಮನೆಯಲ್ಲಿ ಒಬ್ಬನೇ ಮಗ, ಅಪ್ಪನದು ಜೋಳದ ಹೊಲ. ಫೆಬ್ರವರಿಯ ಒಂದು ಗುರುವಾರ ರಾತ್ರಿ 11 ಗಂಟೆಗೆ ಅವನ ಮೆಸೇಜು: ‘ಸರ್, ಅಪ್ಪಗ ಆರಾಮಿಲ್ಲ. ನಾಳೆ ಊರಿಗೆ ಹೋಗ್ಲೇನ್ರಿ?’ ಸುಗ್ಗಿಯ ಸಮಯ, ಅಪ್ಪನಿಗೆ ಪುರುಸೊತ್ತಿಲ್ಲ, ಕೈಜೋಡಿಸಲು ಮಗನನ್ನು ಕರೆದಿದ್ದಾರೆ ಎಂದು ನಾನು ಓದಿಕೊಂಡೆ. ಶನಿವಾರ ನಮ್ಮ ರಿಲೀಸ್ ಇತ್ತು. ‘ರಿಲೀಸ್ ಮುಗಿಸಿ ಭಾನುವಾರ ಹೋಗಬಹುದಾ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ‘ಅಡ್ಡಿಯಿಲ್ಲರಿ’ ಎಂದು ಬಂತು. ಅವನಿಗೇನೂ ತೊಂದರೆಯಿಲ್ಲವಲ್ಲ ಎಂದುಕೊಂಡು ಮಲಗಿದೆ.

ಸೋಮವಾರ ಫೋನ್ ಮಾಡಿದಾಗ ಗೊತ್ತಾಯಿತು. ಅಪ್ಪನಿಗೆ ಎದೆನೋವು ಬಂದು ಶನಿವಾರ ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿದ್ದರು. ಆಸ್ಪತ್ರೆಯ ಕಾಗದಗಳಿಗೆ ಸಹಿ ಮಾಡಿದ್ದು ಸೋದರಮಾವ. ಆ ಹೊತ್ತಿಗೆ ಮಗ ಪುಣೆಯಲ್ಲಿ ನನ್ನ ಪಕ್ಕ ಕುಳಿತು ಟೆಸ್ಟ್ ರಿಪೋರ್ಟ್ ನೋಡುತ್ತಿದ್ದ. ‘ಮೊದಲೇ ಯಾಕಪ್ಪಾ ಹೇಳಲಿಲ್ಲ?’ ಎಂದೆ. ‘ಹೇಳಿದ್ನಲ್ರೀ ಸರ್, ಆರಾಮಿಲ್ಲ ಅಂತ’ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ನಾವು ‘ಹುಷಾರಿಲ್ಲ’ ಎನ್ನುವ ಕಡೆ ಅವರು ‘ಆರಾಮಿಲ್ಲ’ ಎನ್ನುತ್ತಾರೆ. ‘ಅಡ್ಡಿಯಿಲ್ಲ’ ಎಂಬುದು ಅವನ ಕಡೆ ‘ಆಯ್ತು’ ಎಂದ ಹಾಗೆ. ಮನಸ್ಸಿಗೆ ನೋವಾದರೂ ಹಿರಿಯರ ಎದುರು ಹೇಳಬಹುದಾದ ಮಾತು. ನಾನು ಎರಡನ್ನೂ ನನ್ನ ಊರಿನ ಅರ್ಥದಲ್ಲಿ ಓದಿದೆ. ಗೊತ್ತಿಲ್ಲದ ಪದವಾಗಿದ್ದರೆ ಏನೆಂದು ಕೇಳುತ್ತಿದ್ದೆ. ಸಾವು, ಬೆಂಕಿ, ಆರಾಮು ಎಲ್ಲ ಗೊತ್ತಿರುವ ಪದಗಳೇ, ಅದಕ್ಕೇ ಕೇಳುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇದೆ, ಫೋನಿನಲ್ಲೇ ನೋಡಬಹುದಾದ ‘ಅಲರ್’ ಇದೆ. ಆದರೆ ‘ಆರಾಮು’ ಅಂದರೇನು ಎಂದು ಯಾರು ನಿಘಂಟು ತೆಗೆಯುತ್ತಾರೆ?

ಪುಸ್ತಕವಾದರೆ ನಮಗೆ ಬೇಕಾದಷ್ಟು ತಾಳ್ಮೆ ಇರುತ್ತದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ನಂಜನಗೂಡು ಕಡೆಯ ಆಡುಮಾತಿನಲ್ಲಿದೆ. ನಮ್ಮ ಜಿಲ್ಲೆಯದೇ ಮಾತು, ಆದರೂ ಎಷ್ಟೋ ಪುಟಗಳನ್ನು ನಾನು ಎರಡೆರಡು ಸಲ ಓದಿದೆ. ಬೇಂದ್ರೆಯವರ ಧಾರವಾಡ ಕನ್ನಡ ಅರ್ಥವಾಗದಿದ್ದರೆ ಗೊತ್ತಿದ್ದವರನ್ನು ಹುಡುಕಿ ಕೇಳುತ್ತೇವೆ. ಅದೇ ಕಡೆಯ ಹುಡುಗ ರಾತ್ರಿ ಒಂದು ಸಾಲು ಬರೆದರೆ ಎರಡು ಸೆಕೆಂಡೂ ಕೊಡುವುದಿಲ್ಲ.

ಅಂದಿನಿಂದ ಒಂದೆರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಮೆಸೇಜನ್ನು ಬರೆದವರ ದನಿ ನೆನಪಿಸಿಕೊಂಡು ಒಮ್ಮೆ ಬಾಯಿಬಿಟ್ಟು ಓದುತ್ತೇನೆ. ಮನೆಯವರ ವಿಷಯ ಇದ್ದರೆ ಬರೆಯುತ್ತಾ ಕೂರದೆ ಫೋನ್ ಮಾಡುತ್ತೇನೆ. ‘ನಿಮ್ಮ ಕಡೆ ಹಾಗಂದರೆ ಏನು?’ ಎಂದು ಕೇಳಲು ಈಗ ನಾಚಿಕೆಯಿಲ್ಲ. ಹಾಗೆ ಕೇಳಿದರೆ ಯಾರೂ ಬೇಸರ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಸಂತೋಷದಿಂದ ಇನ್ನೂ ನಾಲ್ಕು ಪದ ಕಲಿಸುತ್ತಾರೆ.

ಆ ಹುಡುಗ ಈಗ ಬೇರೆ ಕಂಪನಿಯಲ್ಲಿದ್ದಾನೆ. ಕಳೆದ ವಾರ ‘ಆರಾಮ ಅದೀರೇನ್ರಿ ಸರ್?’ ಎಂದು ಬರೆದಿದ್ದ. ಮೊದಲು ಅಪ್ಪನ ವಿಷಯ ಕೇಳಿದೆ. ‘ಆರಾಮ ಅದಾರ್ರಿ, ಹೊಲಕ್ಕ ಹೋಗ್ಯಾರ’ ಎಂದ.

ಗೊತ್ತಿದೆ ಎಂದುಕೊಂಡು ನೀವೂ ಎಡವಿದ ಪದಗಳಿದ್ದರೆ ಬರೆದು ಕಳಿಸಿ. ಮುಂದಿನ ಸಲ ಅವನ್ನೇ ಇಲ್ಲಿ ಹಂಚಿಕೊಳ್ಳೋಣ.