ತರಬೇತಿ ಕೊಟ್ಟರೂ ಅಂಗನವಾಡಿ ಪಾಠ ಬದಲಾಗುವುದಿಲ್ಲ, ಏಕೆ?

ಅಂಗನವಾಡಿಗೆ ಮೇಲ್ವಿಚಾರಕಿ ಭೇಟಿ ಕೊಟ್ಟಾಗ ಮೊದಲು ಏನು ನೋಡುತ್ತಾರೆ? ಹಾಜರಿ ಪುಸ್ತಕ, ಆಹಾರ ದಾಸ್ತಾನು, ಮೊಟ್ಟೆಯ ಲೆಕ್ಕ, ಮಕ್ಕಳ ತೂಕ, ಮೊಬೈಲ್‌ನ ಪೋಷಣ್ ಟ್ರ್ಯಾಕರ್‌ನಲ್ಲಿ ಮಾಹಿತಿ ಸೇರಿಸಿದ್ದಾರೋ ಇಲ್ಲವೋ. ಇವೆಲ್ಲ ಬೇಕಾದದ್ದೇ. ಆದರೆ ಅದೇ ಹೊತ್ತಿಗೆ ಮೂಲೆಯಲ್ಲಿ ನಾಲ್ಕು ವರ್ಷದ ಮಗುವೊಂದು ಹುಣಸೆ ಬೀಜಗಳನ್ನು ಐದೈದರ ಗುಂಪು ಮಾಡುತ್ತಾ ಕೂತಿದ್ದರೆ, ಅದನ್ನು ಗಮನಿಸಿ ಕಾರ್ಯಕರ್ತೆಯ ಜೊತೆ ಮಾತಾಡಲು ಅವರಿಗೆ ಸಮಯ ಸಿಗುವುದು ಕಷ್ಟ.

ಪುಟ್ಟ ಮಕ್ಕಳಿಗೆ ಕಲಿಸಲು ವಿಶೇಷ ಜ್ಞಾನ ಬೇಕಿಲ್ಲ ಎಂಬುದು ಹಳೆಯ ತಪ್ಪು ಕಲ್ಪನೆ. ಅದನ್ನು ಈಗ ಯಾರೂ ಬಹಿರಂಗವಾಗಿ ಹೇಳುವುದಿಲ್ಲ. ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿದೆ: ಮೇಲಿನವರಿಗೆ ಎರಡು ದಿನ ತರಬೇತಿ ಕೊಟ್ಟರೆ, ಅವರು ಕೆಳಗಿನವರಿಗೆ ಹೇಳಿಕೊಡುತ್ತಾರೆ, ಕೊನೆಗೆ ಮಗುವಿಗೆ ಎಲ್ಲವೂ ತಲುಪುತ್ತದೆ ಎಂಬ ನಂಬಿಕೆ.

ಭಾರತದ ವ್ಯವಸ್ಥೆಯ ಗಾತ್ರ ನೋಡಿದರೆ ಈ ನಂಬಿಕೆ ಏಕೆ ಹುಟ್ಟಿತೆಂದು ಅರ್ಥವಾಗುತ್ತದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಅದರಲ್ಲಿ ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದು. ಇಂದು ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಇಷ್ಟು ಜನರಿಗೆ ನೇರವಾಗಿ ಕಲಿಸುವುದು ಯಾವ ಸಂಸ್ಥೆಗೂ ಸಾಧ್ಯವಿಲ್ಲ. ಹಾಗಾಗಿ 2023ರಲ್ಲಿ ಶುರುವಾದ 'ಪೋಷಣ್ ಭೀ, ಪಢಾಯಿ ಭೀ' ಕಾರ್ಯಕ್ರಮವೂ ಎರಡು ಹಂತದ ದಾರಿಯನ್ನೇ ಹಿಡಿಯಿತು. ಮೊದಲು ಅಧಿಕಾರಿಗಳು, ಮೇಲ್ವಿಚಾರಕಿಯರಿಗೆ ಎರಡು ದಿನ. ಆಮೇಲೆ ಅವರಿಂದ ಕಾರ್ಯಕರ್ತೆಯರಿಗೆ ಮೂರು ದಿನ.

ಇಲ್ಲಿ ಒಂದು ತೊಡಕಿದೆ. ವಿಷಯ ಒಬ್ಬರಿಂದ ಒಬ್ಬರಿಗೆ ದಾಟುವಾಗ ಸುಲಭವಾಗಿ ದಾಟುವುದು ಮಾಹಿತಿ ಮಾತ್ರ. 'ಮಕ್ಕಳು ಆಟದ ಮೂಲಕ ಕಲಿಯುತ್ತಾರೆ' ಎಂಬ ವಾಕ್ಯ ಸ್ಲೈಡ್‌ನಿಂದ ಸ್ಲೈಡ್‌ಗೆ ಚೆನ್ನಾಗಿಯೇ ಹೋಗುತ್ತದೆ. ಕತೆ ಹೇಳುತ್ತಾ ಯಾವ ಜಾಗದಲ್ಲಿ ನಿಲ್ಲಿಸಿ 'ಮುಂದೇನಾಗಬಹುದು?' ಎಂದು ಕೇಳಬೇಕು, ಬಾಯಿ ಬಿಡದ ಮಗುವನ್ನು ಹೇಗೆ ಮಾತಿಗೆಳೆಯಬೇಕು, ಇವು ಹಾಗೆ ಹೋಗುವುದಿಲ್ಲ. ಇದು ಈಜು ಕಲಿತಂತೆ. ನೀರಿಗಿಳಿಯಬೇಕು, ಪಕ್ಕದಲ್ಲೊಬ್ಬರು ಇರಬೇಕು.

ಪಕ್ಕದಲ್ಲಿ ಇರಬೇಕಾದವರೇ ಮೇಲ್ವಿಚಾರಕಿ. ಅಭಿವೃದ್ಧಿಶೀಲ ದೇಶಗಳಲ್ಲಿ 'ಶಿಶು ಶಿಕ್ಷಣದ ನಾಯಕತ್ವ' ಎಂದಾಗ ನಮಗೆ ನಿರ್ದೇಶಕರು, ಕಾರ್ಯದರ್ಶಿಗಳು ನೆನಪಾಗುತ್ತಾರೆ. ನನ್ನ ಪ್ರಕಾರ ನಿಜವಾದ ನಾಯಕಿ ಬಸ್ಸು ಹಿಡಿದು ಹಳ್ಳಿಯಿಂದ ಹಳ್ಳಿಗೆ ಓಡಾಡುವ ಈ ಹೆಣ್ಣುಮಗಳು. ಒಬ್ಬರ ಪಾಲಿಗೆ ಸುಮಾರು 25 ಕೇಂದ್ರಗಳು ಬರುತ್ತವೆ. ತಿಂಗಳ ಕೆಲಸದ ದಿನಗಳೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಸಭೆ, ವರದಿ, ಸಮೀಕ್ಷೆಗಳ ದಿನಗಳನ್ನು ಕಳೆಯಿರಿ. ಹುದ್ದೆ ಖಾಲಿಯಿದ್ದು ಪಕ್ಕದ ವಲಯವನ್ನೂ ವಹಿಸಿಕೊಂಡಿದ್ದರೆ ಲೆಕ್ಕ ಹಾಕುವುದೇ ಬೇಡ.

ಹಾಗಾದರೆ ತರಬೇತಿಯಿಂದ ಉಪಯೋಗವೇ ಇಲ್ಲವೇ? ಇದೆ, ಸರಿಯಾದ ರೀತಿಯದ್ದಾದರೆ. ಘಾನಾ ದೇಶದ ರಾಜಧಾನಿ ಅಕ್ರಾ ಸುತ್ತಮುತ್ತಲಿನ 240 ಶಾಲೆಗಳಲ್ಲಿ 2015ರ ಹೊತ್ತಿಗೆ ಒಂದು ಪ್ರಯೋಗ ನಡೆಯಿತು. ಶಿಶುವಿಹಾರದ ಶಿಕ್ಷಕರಿಗೆ ತರಬೇತಿ ಕೊಟ್ಟು ಬಿಟ್ಟುಬಿಡಲಿಲ್ಲ, ತರಗತಿಗೇ ಬಂದು ಮಾರ್ಗದರ್ಶನ ಮಾಡಿದರು. ಮಕ್ಕಳ ಕಲಿಕೆ ಸುಧಾರಿಸಿತು. ಸೋಜಿಗವೆಂದರೆ, ಇದರ ಜೊತೆಗೆ ಪೋಷಕರಿಗೂ ಜಾಗೃತಿ ಸಭೆ ನಡೆಸಿದ ಶಾಲೆಗಳಲ್ಲಿ ಆ ಲಾಭ ಕಾಣಲಿಲ್ಲ! ಪೋಷಕರ ನಿರೀಕ್ಷೆಯನ್ನು ನಿಭಾಯಿಸುವುದು ಒಂದೆರಡು ಸಭೆಯ ಕೆಲಸವಲ್ಲ ಎಂದು ನನಗನಿಸುತ್ತದೆ. 'ಎಬಿಸಿಡಿ ಯಾವಾಗ ಬರೆಸ್ತೀರಿ ಟೀಚರ್?' ಎಂದು ಕೇಳುವ ತಾಯಿಗೆ ಉತ್ತರ ಕೊಡುವುದೂ ಒಂದು ಕೌಶಲ, ಅದನ್ನೂ ಕಲಿಸಬೇಕು.

ಇನ್ನೊಂದು ಮಾದರಿ ಆಫ್ರಿಕಾದ್ದೇ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಅಲನ್ ಪೆನ್ಸ್ ಅವರ ನೇತೃತ್ವದಲ್ಲಿ 2001ರಲ್ಲಿ ಶಿಶು ಅಭಿವೃದ್ಧಿಯ 'ವರ್ಚುವಲ್ ವಿಶ್ವವಿದ್ಯಾಲಯ' ಆರಂಭವಾಯಿತು. ಸಾಮಾನ್ಯವಾಗಿ ಇಂಥ ಉನ್ನತ ತರಬೇತಿಗೆ ವಿದೇಶಕ್ಕೆ ಹೋದ ಪ್ರತಿಭಾವಂತರು ಅಲ್ಲೇ ಉಳಿದುಬಿಡುವ ಭಯವಿರುತ್ತದೆ. ಇಲ್ಲಿ ಹಾಗಾಗಲು ಅವಕಾಶವಿರಲಿಲ್ಲ. ಕಲಿಯುವವರು ತಮ್ಮ ದೇಶದಲ್ಲೇ, ತಮ್ಮ ಕೆಲಸದಲ್ಲೇ ಇದ್ದರು. ಅಂತರ್ಜಾಲದ ಪಾಠ, ಆಗಾಗ ಮುಖಾಮುಖಿ ಸೆಮಿನಾರ್, ಮತ್ತು ತಮ್ಮ ದೇಶಕ್ಕೆ ಬೇಕಾದ ವಿಷಯದ ಮೇಲೆಯೇ ಯೋಜನಾ ಕೆಲಸ. ಅವಧಿ ಎರಡು ದಿನವಲ್ಲ, ಮೂರು ವರ್ಷ.

ತರಬೇತಿಯ ಗುಣಮಟ್ಟ ಒಂದು ಕಡೆಯಾದರೆ, ಕಲಿತದ್ದನ್ನು ಮಾಡಲು ಸಮಯವಿದೆಯೇ ಎಂಬುದು ಇನ್ನೊಂದು. ತಮಿಳುನಾಡಿನ 640 ಅಂಗನವಾಡಿಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ, ಕೆಲವು ಕೇಂದ್ರಗಳಿಗೆ ಅರ್ಧ ದಿನ ಪಾಠಕ್ಕೆಂದೇ ಹೆಚ್ಚುವರಿ ಕಾರ್ಯಕರ್ತೆಯನ್ನು ನೇಮಿಸಲಾಯಿತು. ಅಲ್ಲಿ ಪಾಠದ ಸಮಯ ದುಪ್ಪಟ್ಟಾಯಿತು. ಮಕ್ಕಳ ಭಾಷೆ, ಗಣಿತ ಎರಡೂ ಸುಧಾರಿಸಿದವು. ಮೊದಲಿದ್ದ ಕಾರ್ಯಕರ್ತೆಗೆ ಉಳಿದ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದಲೋ ಏನೋ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆಯ ಪ್ರಮಾಣವೂ ಇಳಿಯಿತು. ಮೇಲ್ವಿಚಾರಕಿಯ ವಿಷಯದಲ್ಲೂ ಇದೇ ತರ್ಕ ಅನ್ವಯಿಸುತ್ತದೆ. ಲೆಕ್ಕಪತ್ರದ ಕೆಲಸ ತಗ್ಗಿಸದೆ 'ಮಾರ್ಗದರ್ಶಕಿ' ಎಂಬ ಹೊಸ ಹೆಸರಿಟ್ಟರೆ, ಭೇಟಿಯ ನಮೂನೆಯಲ್ಲಿ ಇನ್ನೊಂದು ಕಾಲಂ ಸೇರುತ್ತದೆ ಅಷ್ಟೇ.

ಕರ್ನಾಟಕದಲ್ಲಿ ಈ ಪ್ರಶ್ನೆ ಈಗ ಇನ್ನಷ್ಟು ಬಿಗಿಯಾಗಿದೆ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು ವಿರೋಧಿಸಿ 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳೆಲ್ಲ ಅತ್ತ ಹೋದರೆ ತಮ್ಮ ಕೇಂದ್ರಗಳೇ ಮುಚ್ಚಬಹುದೆಂಬ ಆತಂಕ ಅವರದು. ಇಂಗ್ಲಿಷ್ ಬೇಕೆಂಬ ಪೋಷಕರ ಆಸೆಯನ್ನೂ ತಳ್ಳಿಹಾಕುವಂತಿಲ್ಲ. ಆದರೆ ಮಗು ಅಂಗನವಾಡಿಯಿಂದ ಶಾಲೆಯ ಕೊಠಡಿಗೆ ಬಂದ ಮಾತ್ರಕ್ಕೆ ಮೇಲಿನ ಸಮಸ್ಯೆ ಬಗೆಹರಿಯುವುದಿಲ್ಲ. ಅಲ್ಲಿ ತರಗತಿಯನ್ನು ನೋಡುವವರು ಮುಖ್ಯೋಪಾಧ್ಯಾಯರು ಮತ್ತು ಸಿಆರ್‌ಪಿ. ಅವರ ಅನುಭವವೆಲ್ಲ ಸಾಮಾನ್ಯವಾಗಿ ಒಂದನೇ ತರಗತಿಯಿಂದ ಮೇಲಿನದು. ಮಕ್ಕಳು ಸಾಲಾಗಿ ಕೂತು, ಸದ್ದಿಲ್ಲದೆ ಅಕ್ಷರ ತಿದ್ದುತ್ತಿದ್ದರೆ ತರಗತಿ ಚೆನ್ನಾಗಿ ನಡೆಯುತ್ತಿದೆ ಎಂದು ಅವರಿಗೆ ಅನಿಸಬಹುದು. ನಾಲ್ಕು ವರ್ಷದ ಮಕ್ಕಳ ವಿಷಯದಲ್ಲಿ ಆ ನಿಶ್ಶಬ್ದಕ್ಕೆ ಬೇರೆಯದೇ ಅರ್ಥವಿರಬಹುದು ಎಂದು ಅವರಿಗೆ ಹೇಳಿಕೊಡುವ ತರಬೇತಿಯೂ ಬೇಕಾಗುತ್ತದೆ.