ದುಡಿದ ಕೈಗೆ ಮಜೂರಿ ಬೇಡವೇ?

ಮಣ್ಣಗುಡ್ಡದ ಹುಡುಗರ ಮೊಬೈಲಿನಲ್ಲಿ ಈಗ ಬಸ್ಸು ಓಡುತ್ತದೆ. ಆಟದ ಹೆಸರು ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ. 2017ರಲ್ಲಿ ಆ ದೇಶದ ಮಲೇಯೊ ಕಂಪೆನಿ ಹೊರತಂದದ್ದು. ಆದರೆ ಹುಡುಗರಿಗೆ ಬೇಕಾದದ್ದು ಜಾವಾದ ಬಸ್ಸಲ್ಲ, ಕೆ.ಎಸ್.ಆರ್.ಟಿ.ಸಿ.ಯ ಕೆಂಪು ಬಸ್ಸು. ಅದನ್ನು ಕಟ್ಟಿದ್ದು ಕಂಪೆನಿಯಲ್ಲ. ನಮ್ಮ ನಾಡಿನ, ನೆರೆಯ ಕೇರಳದ ಯುವಕರು ನಿದ್ದೆಗೆಟ್ಟು, ಕಂಪ್ಯೂಟರಿನಲ್ಲಿ ಅಳತೆ ಹಾಕಿ, ಬಣ್ಣ ಬಳಿದು, ಬೋರ್ಡು ಬರೆದು ಆಟಕ್ಕೆ ಸೇರಿಸಿದ್ದು. ಇದಕ್ಕೆ ಮಾಡ್ ಎನ್ನುತ್ತಾರೆ. ಹೆಚ್ಚಿನವರು ಪುಕ್ಕಟೆ ಹಂಚುತ್ತಾರೆ. ಕೆಲವರು ಹಣ ಕೇಳುತ್ತಾರೆ. ಕೇಳಿದೊಡನೆ ಆಕ್ಷೇಪ ಏಳುತ್ತದೆ: ಇನ್ನೊಬ್ಬರ ಆಟಕ್ಕೆ ಬಣ್ಣ ಬಳಿದು ದುಡ್ಡು ಕೇಳುವುದೇ?

ಎಲೆ ಧನಿಯದು, ಹೊಗೆಸೊಪ್ಪು ಧನಿಯದು, ನೂಲೂ ಅವನದೇ. ಹಾಗೆಂದು ನಮ್ಮ ಜಿಲ್ಲೆಯ ಜಗಲಿಗಳಲ್ಲಿ ಕೂತು ಬೀಡಿ ಕಟ್ಟುವ ಅಕ್ಕತಂಗಿಯರಿಗೆ ಮಜೂರಿ ಬೇಡವೆನ್ನುವವರು ಯಾರಿದ್ದಾರೆ? ಮನೆಯಲ್ಲಿ ಕೂತು ಮಾಡುವುದೂ ಕೆಲಸವೇ ಎಂದು ಒಪ್ಪಿಸಲು 1966ರ ಕಾಯಿದೆ ಬರಬೇಕಾಯಿತು.

ಮಾಡ್ ಮಾಡೆಂದು ಕಂಪೆನಿ ಹೇಳಿರಲಿಲ್ಲ, ಹುಡುಗರು ಇಷ್ಟಪಟ್ಟು ಮಾಡಿದ್ದು ಎನ್ನಬಹುದು. ನಿಜ. ಆದರೆ ಆ ಇಷ್ಟದ ಫಲವನ್ನು ಉಣ್ಣುವವರು ಯಾರು? ವಾಲ್ವ್ ಎಂಬ ಅಮೆರಿಕನ್ ಕಂಪೆನಿಯ ಹಾಫ್-ಲೈಫ್ ಆಟವನ್ನು ತಿದ್ದಿ ಇಬ್ಬರು ಯುವಕರು 1999ರಲ್ಲಿ ಕೌಂಟರ್-ಸ್ಟ್ರೈಕ್ ಮಾಡಿ ಪುಕ್ಕಟೆ ಹಂಚಿದರು. ಮರುವರ್ಷ ಕಂಪೆನಿ ಅದನ್ನು ಕೊಂಡು ಮಾರಾಟಕ್ಕಿಟ್ಟಿತು.

ಅದೇ ವಾಲ್ವ್ 2015ರ ಏಪ್ರಿಲ್ 23ರಂದು ಬೆಥೆಸ್ಡ ಕಂಪೆನಿಯೊಡನೆ ಸೇರಿ ಸ್ಕೈರಿಮ್ ಆಟದ ಮಾಡ್‌ಗಳಿಗೆ ಅಂಗಡಿ ತೆರೆಯಿತು. ನೂರು ರೂಪಾಯಿಯ ವ್ಯಾಪಾರವಾದರೆ ದುಡಿದವನಿಗೆ 25, ಅಂಗಡಿಗೆ 30, ಆಟದ ಒಡೆಯನಿಗೆ 45. ಬೀಡಿ ಕಂತ್ರಾಟುದಾರನೂ ನಾಚಬೇಕಾದ ಲೆಕ್ಕ! ಆಟಗಾರರು ಸಿಟ್ಟಿಗೆದ್ದರು, ಲಕ್ಷಕ್ಕೂ ಮೀರಿ ಸಹಿ ಬಿದ್ದವು, 27ಕ್ಕೆ ಅಂಗಡಿ ಮುಚ್ಚಿತು. ಆದರೆ 75ರ ಮೇಲೆ ತಿರುಗಬೇಕಿದ್ದ ಸಿಟ್ಟು ಬಹುಮಟ್ಟಿಗೆ 25ರ ಮೇಲೆ ತಿರುಗಿತು. ಕೊನೆಗೆ ದುಡಿದವನ ಪಾಲು ಸೊನ್ನೆ. ಇದನ್ನು ಗೆಲುವೆಂದು ನಾವು ಒಪ್ಪಲಾರೆವು.

ಇನ್ನೊಂದು ಆಕ್ಷೇಪವನ್ನು ಮಾತ್ರ ನಾವು ತಳ್ಳಿಹಾಕುವುದಿಲ್ಲ. ಆ ಅಂಗಡಿಗೆ ಬಂದಿದ್ದ ಮೀನು ಹಿಡಿಯುವ ಮಾಡ್ ಒಂದನ್ನು ಕೂಡಲೇ ಹಿಂದೆಗೆಯಬೇಕಾಯಿತು. ಮತ್ತೊಬ್ಬ ಪುಕ್ಕಟೆ ಕೊಟ್ಟಿದ್ದ ಕೆಲಸ ಅವನ ಒಪ್ಪಿಗೆಯಿಲ್ಲದೆ ಅದರೊಳಗೆ ಸೇರಿತ್ತು. ಬಸ್ಸಿನಲ್ಲಿಯೂ ಹೀಗಾಗಬಹುದು: ಒಬ್ಬ ಕಟ್ಟಿದ ಮೈ, ಇನ್ನೊಬ್ಬನ ಬಣ್ಣ, ಮೂರನೆಯವನ ಹಾರ್ನು. ನಮ್ಮ ಕಡಲತಡಿಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದ ಕಾಲದಲ್ಲಿ ಹಗ್ಗಕ್ಕೆ ಕೈಹಚ್ಚಿದವರಿಗೆಲ್ಲ ಪಾಲಿತ್ತು. ದಡದಲ್ಲಿ ನಿಂತು ಬುಟ್ಟಿ ಹೊತ್ತೊಯ್ಯುವವನಿಗೆ ಮಾತ್ರ ಹಣವೆಂದರೆ ಯಾರೂ ಸುಮ್ಮನಿರುತ್ತಿರಲಿಲ್ಲ.

ಆದುದರಿಂದ ಮಾಡ್ ಮಾಡುವವರು ಹಣ ಕೇಳಲಿ. ಕಂಪೆನಿಗಳು ಅದಕ್ಕೆ ಅಡ್ಡಬರಬಾರದು, ಅರ್ಧಕ್ಕಿಂತ ಹೆಚ್ಚಿನ ಪಾಲು ದುಡಿದವರಿಗೇ ಸಲ್ಲಬೇಕು. ಪುಕ್ಕಟೆ ಕೊಟ್ಟದ್ದಕ್ಕೆ ಆಮೇಲೆ ಬೀಗ ಜಡಿಯುವುದು ಬೇಡ. ಮಣ್ಣಗುಡ್ಡದ ಹುಡುಗರು ಬೆಲೆ ಹೇಳುವ ಮೊದಲು ತಮ್ಮ ಬಸ್ಸಿನಲ್ಲಿ ಯಾರಾರ ಕೆಲಸ ಸೇರಿದೆಯೆಂದು ಪಟ್ಟಿ ಬರೆದು, ಅವರನ್ನು ಕೇಳಿ, ಪಾಲು ಗೊತ್ತುಮಾಡಿಕೊಳ್ಳಲಿ.