ಅಂಚು ಕಿತ್ತವರು ಯಾರು, ತೆತ್ತವರು ಯಾರು?

ಮಗ್ಗದ ಮುಂದೆ ದುಡಿದ ಯಾವ ಕಾರ್ಮಿಕನಿಗೂ ಬಟ್ಟೆಗೆ ಅಂಚು ಏತಕ್ಕೆಂದು ಪಾಠ ಹೇಳಬೇಕಾಗಿಲ್ಲ. ಅಂಚು ಗಟ್ಟಿಯಿರದಿದ್ದರೆ ನೂಲು ಬಿಚ್ಚಿಕೊಳ್ಳುತ್ತದೆ. ಮಕ್ಕಳ ಸ್ಲೇಟಿಗೆ ಮರದ ಚೌಕಟ್ಟು ಬಡಿದವನಿಗೂ ಈ ವಿವೇಕವಿತ್ತು. ಇಲ್ಲದಿರುವುದು ಮೊಬೈಲ್ ಕಂಪನಿಗಳ ಧಣಿಗಳಿಗೆ ಮಾತ್ರ.

ಪರದೆಯ ಸುತ್ತಲಿನ ಪಟ್ಟಿಯನ್ನು ಸವೆಸಿ ಸವೆಸಿ ಕೂದಲೆಳೆ ಮಾಡುವುದೇ ಇವರ ಪೈಪೋಟಿ. 2016ರಲ್ಲಿ ಶಿಯೋಮಿಯವರ ಮಿ ಮಿಕ್ಸ್ ಬಂದಿತು. ಮೇಲೆ ಜಾಗವಿಲ್ಲದೆ ಮುಂದಿನ ಕ್ಯಾಮೆರಾವನ್ನು ಕೆಳಗೆ ತಳ್ಳಿದ್ದರು. ಸ್ವಂತ ಮುಖದ ಚಿತ್ರ ಬೇಕಾದರೆ ಫೋನನ್ನು ತಲೆಕೆಳಗು ಹಿಡಿಯಬೇಕು! ಮರುವರ್ಷ ಆಪಲ್‌ನವರ ಐಫೋನ್ ಟೆನ್ ಬಂದಿತು. ಕೆಳಗಿನ ಪಟ್ಟಿಯನ್ನು ಅಳಿಸಲು ಹೊಸ ಜಾತಿಯ ಪರದೆ ತಂದು ಅದರ ತುದಿಯನ್ನು ಒಳಕ್ಕೆ ಮಡಚಿದರು. ಆ ಪರದೆ ಒಡೆದರೆ ಅಮೆರಿಕದಲ್ಲಿ ಕಂಪನಿಯೇ ಆಗ ಗೊತ್ತುಮಾಡಿದ್ದ ದುರಸ್ತಿಯ ದರ 279 ಡಾಲರ್. ಅದೇ ವರ್ಷದ, ಅಗಲ ಪಟ್ಟಿಯ ಐಫೋನ್ 8ಕ್ಕೆ 149 ಡಾಲರ್.

ಚಿತ್ರ ದೊಡ್ಡದಾಗಿ ಕಾಣುವುದಲ್ಲ ಎಂದು ಕೇಳುವವರಿದ್ದಾರೆ. ಕಾಣಲಿ, ನಮ್ಮ ತಕರಾರಿಲ್ಲ. ಆದರೆ ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಫೋನು ಹಿಡಿದ ವ್ಯಾಪಾರಿಯ ಅಂಗೈ ತಾನಾಗಿ ಪರದೆಗೆ ತಗಲಿ ಬೇಡದ್ದನ್ನು ಒತ್ತುತ್ತದೆ. ತಗುಲಿದ್ದು ಬೆರಳೋ ಅಂಗೈಯೋ ಎಂದು ಊಹಿಸಲು ಈಗ ಯಂತ್ರಕ್ಕೆ ಬೇರೆ ಲೆಕ್ಕ ಕಲಿಸಿದ್ದಾರೆ. ಹೆಬ್ಬೆರಳು ಊರುವಷ್ಟು ಪಟ್ಟಿ ಬಿಟ್ಟಿದ್ದರೆ ಈ ಸರ್ಕಸ್ಸೇ ಬೇಕಿರಲಿಲ್ಲ. ಕೈಜಾರಿದರೆ ಪೆಟ್ಟು ನೇರ ಗಾಜಿನ ಅಂಚಿಗೆ. ಗಾಜು ಪರದೆಗೆ ಅಂಟಿರುವುದರಿಂದ ಮೂಲೆಯಲ್ಲಿ ಬಿರುಕು ಬಿಟ್ಟರೂ ಅನೇಕ ಸಲ ಇಡೀ ಪರದೆಯನ್ನೇ ಬದಲಿಸಬೇಕು. ಧನಿಕನಿಗೆ ಅದು ಹೊಸ ಫೋನು ಕೊಳ್ಳಲು ಒಂದು ನೆಪ. ಪಾಳಿ ಲೆಕ್ಕದಲ್ಲಿ ಕೂಲಿ ಎಣಿಸುವವನಿಗೆ?

ಇದಕ್ಕೆ ಹೆದರಿಯೇ ಫೋನು ಕೊಂಡ ದಿನವೇ ಎಲ್ಲರೂ ರಬ್ಬರಿನ ಕವಚವನ್ನೂ ಕೊಳ್ಳುತ್ತಾರೆ. ಅಂದರೆ, ಕಂಪನಿಯವರು ಕಿತ್ತುಕೊಂಡ ಅಂಚನ್ನು ನಾವು ನಮ್ಮದೇ ದುಡ್ಡಿನಿಂದ ಮತ್ತೆ ಕೊಳ್ಳುತ್ತಿದ್ದೇವೆ! ಇಂಥ ವ್ಯಾಪಾರವನ್ನು ನಮ್ಮ ಪೇಟೆಯ ಅಂಗಡಿಕಾರನು ಮಾಡಿದ್ದರೆ ಗಿರಾಕಿಗಳು ಬಿಡುತ್ತಿದ್ದರೆ?

ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಾಗಿದೆ: ಒಂದು ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಅದರ ಮುಖ್ಯ ಬಿಡಿಭಾಗಗಳನ್ನು ಒದಗಿಸಬೇಕು. ನಮ್ಮ ಕೇಂದ್ರ ಸರಕಾರ 2022ರಲ್ಲಿ ದುರಸ್ತಿಯ ಹಕ್ಕಿಗೆಂದು ಸಮಿತಿ ರಚಿಸಿತು, ಜಾಲತಾಣವನ್ನೂ ತೆರೆಯಿತು. ಸಂತೋಷ. ಆದರೆ ಜಾಲತಾಣ ನೋಡಿದರೆ ಒಡೆದ ಗಾಜು ಕೂಡುವುದಿಲ್ಲ. ಪರದೆ ಬದಲಿಸಲು ಎಷ್ಟು ಖರ್ಚೆಂಬುದನ್ನು ಫೋನಿನ ಪೆಟ್ಟಿಗೆಯ ಮೇಲೆಯೇ, ಮಾರುವ ಬೆಲೆಯ ಪಕ್ಕದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕೆಂದು ಕಾನೂನಾಗಲಿ. ನಮ್ಮೂರ ದುರಸ್ತಿ ಅಂಗಡಿಗಳಿಗೂ ಅದೇ ದರಕ್ಕೆ ಬಿಡಿಭಾಗ ಸಿಗಲಿ.